ಸ್ಪಿತಿ ಕಣಿವೆಗೆ ಹೊರಟಿದ್ದೀರಾ? ಮೊದಲು ರಾತ್ರಿಗಳ ಲೆಕ್ಕ ಹಾಕಿ

ನಮ್ಮ ಮಲೆನಾಡಿನವರಿಗೆ ಒಂದು ಜಂಬ ಇದೆ. ಹುಟ್ಟಿದ್ದೇ ಗುಡ್ಡದ ಮೇಲೆ, ಶಾಲೆಗೆ ಹೋಗಿದ್ದು ಗುಡ್ಡ ಇಳಿದು, ತೋಟಕ್ಕೆ ಹೋಗುವುದು ದರೆ ಇಳಿದು ಹಳ್ಳ ದಾಟಿ, ಇನ್ನು ಹಿಮಾಲಯ ಏನು ಮಹಾ ಅಂತ. ನನಗೂ ಇತ್ತು. ಮೊದಲ ಸಲ ಹಿಮಾಚಲದ ಸ್ಪಿತಿ ಕಡೆ ಹೋದಾಗ ಬೆಳಿಗ್ಗೆ ಮನಾಲಿಯಲ್ಲಿ ಜೀಪು ಹತ್ತಿ, ಅದೇ ರಾತ್ರಿ ಚಂದ್ರತಾಲ್ ಸರೋವರದ ಹತ್ತಿರ ಟೆಂಟಿನಲ್ಲಿ ಮಲಗಿದೆವು. ಪ್ಯಾಕೇಜ್ ಮಾಡಿಕೊಟ್ಟವರು ಹಾಗೇ ಬರೆದಿದ್ದರು, ನಾವೂ ಕೇಳಲಿಲ್ಲ. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ, ಚಂದ್ರತಾಲ್ 4,250ರ ಆಸುಪಾಸಿನಲ್ಲಿ. ರಾತ್ರಿ ಹನ್ನೊಂದಕ್ಕೆ ಭಾವ ಎದ್ದು ಕೂತರು. "ತಲೆ ಸಿಡಿದು ಹೋಗ್ತಿದೆ ಮಾರಾಯ, ಬೆಳಗು ಆಗೋದೇ ಇಲ್ವಾ?" ಎಲ್ಲೂ ಕೂರದೆ ಕೊಡಚಾದ್ರಿ ಹತ್ತುವ ಮನುಷ್ಯ ಅವರು.

ತಪ್ಪು ಕಾಲಿನದ್ದಲ್ಲ. ಕೊಡಚಾದ್ರಿಯ ಎತ್ತರ 1,343 ಮೀಟರ್. ರಾಜ್ಯಕ್ಕೇ ಎತ್ತರವಾದ ಮುಳ್ಳಯ್ಯನಗಿರಿ 1,930. ಅಂದರೆ ನಮ್ಮ ಅತಿ ಎತ್ತರದ ಜಾಗ ಮುಗಿಯುವ ಕಡೆಯಿಂದ ಅವರ ಬಸ್‌ಸ್ಟ್ಯಾಂಡ್ ಶುರುವಾಗುತ್ತದೆ. ಮೇಲೆ ಹೋದ ಹಾಗೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುವುದಿಲ್ಲ, ಅಲ್ಲೂ ಅದೇ ಶೇ 21. ಆದರೆ ಗಾಳಿಯ ಒತ್ತಡ ಇಳಿಯುತ್ತದೆ, ಹಾಗಾಗಿ ಒಂದು ಉಸಿರಿಗೆ ಸಿಗುವುದು ಕಡಿಮೆ. ಚಂದ್ರತಾಲ್ ಎತ್ತರದಲ್ಲಿ ಸಮುದ್ರಮಟ್ಟದ ಶೇ 60ರಷ್ಟು ಸಿಕ್ಕರೆ ಹೆಚ್ಚು. ಇದಕ್ಕೆ ದೇಹ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು.

ಯಾವಾಗ ಹೋಗುವುದು

ಅಡಿಕೆ ತೋಟದವರಾದರೆ ಗಣೇಶನ ಹಬ್ಬ ಮುಗಿಸಿ ಸೆಪ್ಟೆಂಬರ್‌ನಲ್ಲಿ ಹೊರಡಿ. ಕೊಳೆರೋಗಕ್ಕೆ ಎರಡನೇ ಮದ್ದು ಹೊಡೆದಾಗಿರುತ್ತದೆ, ಕೊಯ್ಲು ಇನ್ನೂ ಶುರುವಾಗಿರುವುದಿಲ್ಲ. ಅಲ್ಲೂ ಅದು ಒಳ್ಳೆ ಸಮಯ. ಹಿಮ ಕರಗಿ ಉಕ್ಕುತ್ತಿದ್ದ ಹಳ್ಳಗಳು ಇಳಿದಿರುತ್ತವೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಜೂನ್‌ನಲ್ಲಾದರೆ ಬೆಟ್ಟಸಾಲು ದಾಟುವ ಪಾಸ್‌ಗಳ ಮೇಲೆ ಇನ್ನೂ ಹಿಮ ಜಾಸ್ತಿ. ಜುಲೈ, ಆಗಸ್ಟ್‌ನಲ್ಲಿ ಮನಾಲಿ ಕಡೆ ಮಳೆ, ದಾರಿಯಲ್ಲಿ ದರೆ ಕುಸಿತ. ಮಳೆ ಲೆಕ್ಕ ನಮಗೆ ಹೇಳಿಕೊಡಬೇಕಾಗಿಲ್ಲ: ಆಗುಂಬೆಯಲ್ಲಿ ಸುರಿದ ಮೋಡ ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಸೊರಗಿ, ಚಿತ್ರದುರ್ಗಕ್ಕೆ ಬರೀ ನೆರಳಾಗಿ ಹೋಗುತ್ತದಲ್ವಾ, ಅಲ್ಲೂ ಹಾಗೇ. ಕುಲ್ಲು ಕಣಿವೆ ಹಸಿರು, ಬೆಟ್ಟಸಾಲಿನ ಆಚೆ ಲಾಹೌಲ್, ಸ್ಪಿತಿ ಒಣ ಮಣ್ಣು. ಸ್ಪಿತಿಯ ತಾಬೋದಲ್ಲಿ ಕ್ರಿ.ಶ. 996ರಲ್ಲಿ ಕಟ್ಟಿದ ಮಣ್ಣಿನ ಮಠ ಇವತ್ತಿಗೂ ನಿಂತಿದೆ. ನಮ್ಮಲ್ಲಿ ಸೋಗೆಯನ್ನೂ ಕಟ್ಟದೆ ಬಿಟ್ಟ ಮಣ್ಣಿನ ಗೋಡೆ ಒಂದು ಆಷಾಢ ದಾಟುತ್ತದಾ?

ದಾರಿ ಹಾಕುವ ಕ್ರಮ

ಒಂದು ಹಾಳೆ ತಗೊಳ್ಳಿ. ಎಷ್ಟು ಕಿಲೋಮೀಟರ್ ಅಂತ ಬರೆಯಬೇಡಿ. ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ, ಆ ಊರಿನ ಎತ್ತರ ಎಷ್ಟು ಅಂತ ಮಾತ್ರ ಬರೆಯಿರಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ಒಂದು ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಇರಬೇಕು. ಹಗಲು ಎಷ್ಟು ಬೇಕಾದರೂ ಹತ್ತಿ, ರಾತ್ರಿ ಇಳಿದು ಮಲಗಿ.

ಈ ಲೆಕ್ಕ ಹಾಕಿದ ತಕ್ಷಣ ಗೊತ್ತಾಗುತ್ತದೆ, ಮನಾಲಿಯಿಂದ ಒಳಗೆ ಹೋಗುವುದು ಹತ್ತಿರ, ಆದರೆ ಶಿಮ್ಲಾ ಕಡೆಯಿಂದ ಹೋಗುವುದೇ ಸರಿ. ಎರಡನೇ ಸಲ ನಾವು ಹಾಗೇ ಮಾಡಿದೆವು. ದೆಹಲಿಯಿಂದ ಶಿಮ್ಲಾ, ಅಲ್ಲಿಂದ ನಾರ್ಕಂಡಾ, ಅಲ್ಲೊಂದು ರಾತ್ರಿ, 2,700. ಆಮೇಲೆ ಸಟ್ಲೆಜ್ ನದಿ ಪಕ್ಕದ ಬಂಡೆ ಕೊರೆದ ರಸ್ತೆಯಲ್ಲಿ ಕಲ್ಪಾ, ಎರಡು ರಾತ್ರಿ, 3,000ಕ್ಕೆ ಸ್ವಲ್ಪ ಕಡಿಮೆ. ತಾಬೋ ಒಂದು ರಾತ್ರಿ, 3,300. ಕಾಜಾದಲ್ಲಿ ಎರಡು, 3,700ರ ಆಸುಪಾಸು. ಕಾಜಾದಿಂದ ಹಗಲು ಕೀ ಮಠ, ಕಿಬ್ಬರ್ ಎಲ್ಲ 4,000ದ ಮೇಲೆ ಸುತ್ತಿ ಸಂಜೆ ವಾಪಸ್. ಅದಾದ ಮೇಲೆ ಕುಂಜುಮ್ ಪಾಸ್, 4,550 ಮೀಟರ್, ದಾಟಿ ಅದೇ ಚಂದ್ರತಾಲ್. ಈ ಕೊನೆಯ ಏರು ಮಾತ್ರ 500ರ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಭಾವನ ಗೊರಕೆ.

ಊರಿಂದ ಊರಿಗೆ ಎಲ್ಲ ಸೇರಿ ಹದಿನೈದು ದಿನ ಇಟ್ಟುಕೊಳ್ಳಿ, ಅದರಲ್ಲಿ ಎರಡು ದಿನ ಖಾಲಿ ಬಿಡಿ. ರಸ್ತೆ ಬಂದ್ ಆದರೆ ಆ ಎರಡು ದಿನವೇ ನಿಮ್ಮನ್ನು ಕಾಯುವುದು. ನಮ್ಮ ದೇಶದವರಿಗೆ ಸ್ಪಿತಿಗೆ ಪರ್ಮಿಟ್ ಬೇಕಿಲ್ಲ, ಆಧಾರ್ ಸಾಕು. ಕ್ಯಾಶ್ ಇಟ್ಟುಕೊಳ್ಳಿ. ಕಾಜಾ ಬಿಟ್ಟರೆ ಫೋನ್ ಸಿಗುವುದು ಅದೃಷ್ಟ, ಮನೆಯವರಿಗೆ ಮೊದಲೇ ಹೇಳಿಬಿಡಿ.

ಕಾಲು ಮತ್ತು ಚೀಲ

ಎರಡು ತಿಂಗಳು ಮೊದಲೇ ಶುರು ಮಾಡಿ. ಹತ್ತು ಕೆಜಿ ಅಕ್ಕಿ ಚೀಲಕ್ಕೆ ಹಾಕಿಕೊಂಡು ಕವಲೇದುರ್ಗ ಹತ್ತಿ, ಅದಕ್ಕಿಂತ ಮುಖ್ಯ, ಅದೇ ಭಾರದಲ್ಲಿ ಇಳಿಯಿರಿ. ಮಂಡಿ ಕೈಕೊಡುವುದು ಇಳಿಯುವಾಗ. ಆದರೆ ಇದರಿಂದ ಕಾಲು ಗಟ್ಟಿಯಾಗುತ್ತದೆ ಅಷ್ಟೇ, ಎತ್ತರ ಒಗ್ಗುವುದಿಲ್ಲ.

ಉಂಬಳಕ್ಕೆ (ಜಿಗಣೆಗೆ) ಅಂತ ಉಪ್ಪಿನ ಪೊಟ್ಟಣ ಬೇಡ, ಗಂಬೂಟು ಬೇಡ, ಜೀನ್ಸ್ ಬೇಡವೇ ಬೇಡ. ಒಂದು ದಪ್ಪ ಜಾಕೆಟ್ ಬದಲು ತೆಳುವಾದ ಮೂರು ಪದರ, ಮೇಲೆ ಗಾಳಿ ಮಳೆ ತಡೆಯುವ ಒಂದು. ನಮ್ಮ ಕಂಬಳಿಕೊಪ್ಪೆ ಆ ಚಳಿಗೆ ಸರಿಯಾದದ್ದೇ, ಹೊರುವುದು ಯಾರು ಅನ್ನುವುದೊಂದೇ ಪ್ರಶ್ನೆ. ತಂಪು ಕನ್ನಡಕ ಶೋಕಿಗಲ್ಲ, ಹಿಮದ ಮೇಲಿನ ಬಿಸಿಲು ಕಣ್ಣು ಸುಡುತ್ತದೆ.

ಊಟದ ವಿಷಯ ಸ್ವಲ್ಪ ಹೇಳಬೇಕು. 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 4,200 ಮೀಟರಿನಲ್ಲಿ 86 ಡಿಗ್ರಿಗೇ ಕುದಿ ಬರುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ, ಕುಕ್ಕರ್ ಬೇಕೇ ಬೇಕು. ಬೆಂದರೂ ಹಸಿವು ಇರುವುದಿಲ್ಲ. ಅದಕ್ಕೇ ಅಕ್ಕ ಅಪ್ಪೆಮಿಡಿ ಕಟ್ಟಿಕೊಟ್ಟಿದ್ದಳು, ಪ್ಲಾಸ್ಟಿಕ್ ಡಬ್ಬಿಯಲ್ಲಿ. ಕಾಜಾದಲ್ಲಿ ಚೀಲ ಬಿಚ್ಚಿದರೆ ಡಬ್ಬಿ ಕಪ್ಪೆ ಹೊಟ್ಟೆಯ ಹಾಗೆ ಉಬ್ಬಿತ್ತು. ಮುಚ್ಚಳ ಒಂದು ಸುತ್ತು ತಿರುಗಿಸಿದ್ದೇ ತಡ, ಬುಸ್ ಅಂತ ರಸ ಹಾರಿ ಭಾವನ ಬಿಳಿ ಥರ್ಮಲ್ ಮೇಲೆ ಬಿತ್ತು. ಆ ಕಲೆ ಇನ್ನೂ ಹೋಗಿಲ್ಲ. ತಗೊಂಡು ಹೋಗಿ, ಆದರೆ ದಾರಿಯಲ್ಲಿ ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ. ಕಷಾಯದ ಪುಡಿಯೂ ಇರಲಿ, ಬರೀ ನೀರು ಕುಡಿಯಲು ಮನಸ್ಸಾಗದಾಗ ಹೊಟ್ಟೆಗೆ ನೀರು ಹೋಗುವುದು ಅದರ ನೆಪದಲ್ಲೇ. ದಿನಕ್ಕೆ ಮೂರು ಲೀಟರ್ ಹೋಗಬೇಕು. ಗುಂಡು ಹಾಕುವುದನ್ನು ಮನಾಲಿಗೆ ಮುಂದೂಡಿ.

ನಡೆದೇ ದಾಟುವವರಿಗೆ

ಜೀಪು ಬೇಡ, ನಡೆಯಬೇಕು ಅನ್ನುವವರಿಗೆ ಹಂಪ್ಟಾ ಪಾಸ್ ಒಳ್ಳೆಯದು. ಎತ್ತರ ಸುಮಾರು 4,270 ಮೀಟರ್. ಮನಾಲಿಯಲ್ಲಿ ಒಂದೆರಡು ದಿನ ಇದ್ದು, ಜೋಬ್ರಾದಿಂದ ನಡೆಯಲು ಶುರು ಮಾಡಿ ನಾಲ್ಕು ದಿನಕ್ಕೆ ಆಚೆಕಡೆ ಛತ್ರು ಸೇರಬಹುದು. ಹಳ್ಳ ದಾಟುವುದೇ ಇಲ್ಲಿ ಜೋಪಾನದ ಕೆಲಸ. ನಮ್ಮ ಹಳ್ಳ ಏರುವುದು ಘಟ್ಟದಲ್ಲಿ ಮಳೆ ಹೊಡೆದಾಗ, ಅಲ್ಲಿಯದು ಏರುವುದು ಬಿಸಿಲು ಬಂದಾಗ. ಬೆಳಿಗ್ಗೆ ಮಂಡಿ ಕೆಳಗಿದ್ದ ನೀರು ಮಧ್ಯಾಹ್ನಕ್ಕೆ ತೊಡೆ ಮುಟ್ಟುತ್ತದೆ. ಬೆಳಿಗ್ಗೆಯೇ ದಾಟಿ. ಚೀಲದ ಸೊಂಟಪಟ್ಟಿ ಬಿಚ್ಚಿಕೊಳ್ಳಿ, ಬಿದ್ದರೆ ಚೀಲ ಬಿಟ್ಟು ಏಳಬೇಕು. ಬರಿಗಾಲು ಬೇಡ.

ಮೈ ಏನು ಹೇಳುತ್ತಿದೆ

ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಬಂದರೆ ಗ್ಯಾಸ್ಟ್ರಿಕ್ ಅಂತ ಸುಮ್ನೆ ಕೂರಬೇಡಿ. ಬೇರೆ ಕಾರಣ ಖಾತ್ರಿಯಾಗುವ ತನಕ ಅದು ಎತ್ತರದ್ದೇ. ಅಲ್ಲೇ ನಿಲ್ಲಿ, ಇನ್ನೂ ಮೇಲೆ ಹತ್ತಬೇಡಿ. ಜಾಸ್ತಿಯಾದರೆ ಇಳಿಯಿರಿ. ಹಿಮ್ಮಡಿಗೆ ಬೆರಳು ತಾಗಿಸಿ ಕಾಲುಸಂಕ ದಾಟುವ ಹಾಗೆ ನೇರ ಗೆರೆಯಲ್ಲಿ ನಡೆಸಿ ನೋಡಿ. ತೂರಾಡಿದರೆ ಮಿದುಳಿಗೆ ನೀರು ಇಳಿಯುತ್ತಿದೆ ಅಂತ ಅರ್ಥ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶಕ್ಕೆ. ಎರಡಕ್ಕೂ ಬೆಳಗಿನ ತನಕ ಕಾಯುವ ಹಾಗಿಲ್ಲ, ಕತ್ತಲಾದರೂ ಇಳಿಸಬೇಕು. ಅದಕ್ಕೇ ಚಂದ್ರತಾಲ್‌ನಲ್ಲಿ ಟೆಂಟು ಹಿಡಿಯುವ ಮೊದಲು, ಡ್ರೈವರ್ ಗಾಡಿ ಸಮೇತ ರಾತ್ರಿ ಅಲ್ಲೇ ಇರುತ್ತಾರಾ ಅಂತ ಕೇಳಿ. ಅಸೆಟಜೋಲಮೈಡ್ ಅನ್ನುವ ಮಾತ್ರೆ ಇದೆ, ಹತ್ತುವ ಹಿಂದಿನ ದಿನದಿಂದ ತಗೊಳ್ಳುತ್ತಾರೆ. ನಿಮ್ಮ ಡಾಕ್ಟರ್ ಹತ್ತಿರ ಕೇಳದೆ ಬೇಡ, ಸಲ್ಫಾ ಔಷಧ ಆಗದವರಂತೂ ಮೊದಲೇ ಹೇಳಬೇಕು. ಮಾತ್ರೆ ನುಂಗಿದೆ ಅಂತ ಮಲಗುವ ಲೆಕ್ಕ ತಪ್ಪಿಸುವ ಹಾಗಿಲ್ಲ.

ವಾಪಸ್ ಬರುವುದು ಅಟಲ್ ಸುರಂಗದಲ್ಲಿ. 9 ಕಿಲೋಮೀಟರ್, 2020ರಲ್ಲಿ ಓಡಾಟಕ್ಕೆ ತೆರೆದದ್ದು. ಈಚೆ ಬಾಯಲ್ಲಿ ಒಣ ಬೆಟ್ಟ, ಬಿಸಿಲು. ಆಚೆ ಬಾಯಿಗೆ ಬರುವಷ್ಟರಲ್ಲಿ ಜಿಟಿಜಿಟಿ ಮಳೆ, ಮಂಜು, ಒದ್ದೆ ಮರದ ವಾಸನೆ. ಭಾವ ಕಿಟಕಿ ಇಳಿಸಿ "ಓ, ಆಗುಂಬೆ ಬಂತು" ಅಂದವರೇ, ಫೋನ್ ಸಿಗ್ನಲ್ ಬಂದದ್ದು ನೋಡಿ ಮನೆಗೆ ಫೋನ್ ಹಚ್ಚಿ ಮೂರನೇ ಮದ್ದು ಹೊಡೆಸಬೇಕಾ ಅಂತ ಕೇಳಿದರು.