ಹೆದರಿಕೆ ಯಾರದು, ಬೆದರಿಕೆ ಯಾರದು?

ಕೆಲವು ವರ್ಷಗಳ ಹಿಂದೆ ನಾನು ಒಂದು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿದೆ. ಹಾಕಲು ಸ್ವಲ್ಪವೂ ಇಷ್ಟವಿರಲಿಲ್ಲ. ಆಮೇಲೆ ದೂರು ಬರೆಯಲು ಕೂತು, 'ನನಗೆ ಬೆದರಿಕೆ ಹಾಕಿ ಸಹಿ ಮಾಡಿಸಿಕೊಂಡರು' ಎಂದು ಶುರು ಮಾಡಿದೆ. ಅದನ್ನು ಓದಿದ ವಕೀಲರು ಕೇಳಿದ್ದು ಒಂದೇ: 'ಏನಂತ ಬೆದರಿಕೆ ಹಾಕಿದರು?' ನಾನು ಸುಮ್ಮನಾದೆ. ಯಾಕಂದ್ರೆ ಸಹಿ ಮಾಡಿಸಿಕೊಂಡವರು ಏನೂ ಅಂದಿರಲಿಲ್ಲ.

ಅವತ್ತಿನಿಂದ ಈ ಪದಗಳನ್ನು ತೂಗಿ ನೋಡುವ ಚಟ ಹತ್ತಿದೆ. ಈಗ ಗೆಳೆಯರ ದೂರುಗಳನ್ನೂ ತಿದ್ದಿಕೊಡುತ್ತೇನೆ. ಸರಿಯಾದ ಪದವನ್ನು ಹೇಗೆ ಆರಿಸುತ್ತೇನೆ ಅಂತ ಹೇಳ್ತೀನಿ.

ಮೊದಲು ಕ್ರಿಯಾಪದ ನೋಡಿ. 'ಹೆದರಿಕೆ', 'ಬೆದರಿಕೆ' ಅವಳಿಗಳ ಹಾಗೆ ಕಾಣುತ್ತವೆ, ಅಲ್ವಾ? ಆದರೆ ಹೆದರಿಕೆ 'ಆಗುತ್ತದೆ', ಬೆದರಿಕೆ 'ಹಾಕುತ್ತಾರೆ'. ಒಂದು ನನ್ನ ಎದೆಯೊಳಗೆ ಇರುವುದು, ಇನ್ನೊಂದು ಎದುರಿನವರ ಬಾಯಿಂದ ಬರುವುದು. 'ಜೀವಭಯ'ಕ್ಕೂ 'ಕೊಲೆ ಬೆದರಿಕೆ'ಗೂ ಇರುವ ವ್ಯತ್ಯಾಸವೂ ಇದೇ. ದೂರಿನಲ್ಲಿ ಎರಡೂ ಬೇಕು, ಆದರೆ ಬೇರೆ ಬೇರೆ ವಾಕ್ಯಗಳಲ್ಲಿ.

ಆಮೇಲೆ 'ಇಲ್ಲಾಂದ್ರೆ' ಹುಡುಕಿ. ಬೆದರಿಕೆಗೆ ಸಾಮಾನ್ಯವಾಗಿ ಎರಡು ತುದಿ ಇರುತ್ತದೆ: ಇದನ್ನು ಮಾಡು, ಇಲ್ಲಾಂದ್ರೆ ಹೀಗಾಗುತ್ತದೆ. ಆ ಎರಡನೇ ತುದಿಯೇ ಇಲ್ಲದೆ ಬರೀ ದನಿ ಏರಿದ್ದರೆ ಅದು ಗದರಿಸಿದ್ದು. ನಿಮ್ಮ ಮಾತು ಮುಗಿಯುವ ಮೊದಲೇ ಬಾಯಿ ಮುಚ್ಚಿಸಿದ್ದರೆ ದಬಾಯಿಸಿದ್ದು. ತುದಿ ಇದೆ, ಆದರೆ ಅದನ್ನು ಮಾಡಿ ತೋರಿಸುವ ತಾಕತ್ತು ಅವರಿಗಿಲ್ಲ ಅಂದರೆ ಗೊಡ್ಡು ಬೆದರಿಕೆ. ಹಾಲು ಕೊಡದ ಹಸುವಿಗೆ ಗೊಡ್ಡು ಅನ್ನುತ್ತೇವಲ್ಲ, ಅದೇ ಗೊಡ್ಡು. ನನಗೆ ತುಂಬಾ ಇಷ್ಟವಾದ ಪದ ಇದು.

ಕಷ್ಟ ಬರುವುದು ಎರಡನೇ ತುದಿಯನ್ನು ನುಂಗಿಕೊಂಡು ಮಾತಾಡುವವರಿಂದ. 'ನೋಡ್ಕೋತೀನಿ' ಎಂಬ ಮಾತು ತಗೊಳ್ಳಿ. 'ಮಗುವನ್ನ ನಾನು ನೋಡ್ಕೋತೀನಿ, ನೀನು ಹೋಗಿ ಬಾ' ಅಂದರೆ ಅಕ್ಕರೆ. 'ಹೋಗು, ಹೋಗು, ನಿನ್ನನ್ನ ನೋಡ್ಕೋತೀನಿ' ಅಂದರೆ ಆ ರಾತ್ರಿ ನಿದ್ದೆ ಬರಲ್ಲ. 'ವಿಚಾರಿಸ್ಕೋತೀನಿ'ಯದೂ ಅದೇ ಕಥೆ. ನೆಂಟರನ್ನೂ ವಿಚಾರಿಸಿಕೊಳ್ಳುತ್ತೇವೆ, ಆಗದವರನ್ನೂ ವಿಚಾರಿಸಿಕೊಳ್ಳುತ್ತೇವೆ. ಇಂಥ ಕಡೆ 'ಬೆದರಿಕೆ ಹಾಕಿದರು' ಎಂದಷ್ಟೇ ಬರೆದರೆ ಸಾಲದು. ಆಡಿದ ಮಾತನ್ನು ಇದ್ದ ಹಾಗೇ ಬರೆಯಿರಿ. ಯಾವಾಗ, ಯಾವುದರ ಬೆನ್ನಿಗೆ ಅಂದರು, ಆಗ ಅವರ ಕೈಯಲ್ಲಿ ಏನಿತ್ತು ಅನ್ನುವುದನ್ನೂ ಸೇರಿಸಿ.

ಮಾತೇ ಇಲ್ಲದಿದ್ದರೆ? ಇಂಗ್ಲಿಷಿನ 'ಇಂಟಿಮಿಡೇಟ್' ಇಲ್ಲಿ ಸಲೀಸಾಗಿ ಕೂರುತ್ತದೆ. ಅದರ ಹೊಟ್ಟೆಯಲ್ಲಿರುವುದು 'ಟಿಮಿಡಸ್' ಎಂಬ ಲ್ಯಾಟಿನ್ ಪದ. ಅಂಜಿದವನು, ಪುಕ್ಕಲ ಎಂದರ್ಥ. ಅಂದರೆ ಎದುರಿನವರನ್ನು ಪುಕ್ಕಲು ಮಾಡುವುದು. ಅದಕ್ಕೆ ಮಾತು ಬೇಕೇಬೇಕು ಅಂತಿಲ್ಲ. ಕನ್ನಡದಲ್ಲಿ ಇದಕ್ಕೆ ಹತ್ತಿರದ್ದು 'ಹೆದರಿಸು'. 'ಕಣ್ಣಲ್ಲೇ ಹೆದರಿಸಿದ' ಅನ್ನಬಹುದು, 'ಕಣ್ಣಲ್ಲೇ ಬೆದರಿಕೆ ಹಾಕಿದ' ಅಂದರೆ ಕಿವಿಗೆ ಎಡವುತ್ತದೆ.

ಹೆದರಿಸಿ ಏನನ್ನಾದರೂ ಮಾಡಿಸಿದರೆ ಪದ ಮತ್ತೆ ಬದಲಾಗುತ್ತದೆ. 'ಒತ್ತಾಯ' ಇಲ್ಲಿ ತೀರಾ ಮೆತ್ತಗೆ. 'ಇನ್ನೂ ಸ್ವಲ್ಪ ಹೊತ್ತು ಇರಿ' ಅನ್ನುವುದೂ ಒತ್ತಾಯವೇ, ಅದನ್ನು ಪ್ರೀತಿಯಿಂದಲೂ ಮಾಡಬಹುದು. 'ಬಲವಂತ'ದಲ್ಲಿ ಬೇಡ ಅನ್ನುವ ದಾರಿ ಮುಚ್ಚಿರುತ್ತದೆ. ಬಲವಂತದ ಮಾಘಸ್ನಾನ ಅಂತ ಸುಮ್ನೆ ಅನ್ನುತ್ತಾರಾ? ಬಲವಂತ ಮಾಡು ಅನ್ನುವ ಇಂಗ್ಲಿಷಿನ 'ಕೊಅರ್ಸ್' ಕೂಡ ಲ್ಯಾಟಿನ್ನಿನಲ್ಲಿ ಕೂಡಿಹಾಕು, ತಡೆದು ಹಿಡಿ ಎಂಬ ಅರ್ಥದಿಂದಲೇ ಹೊರಟದ್ದು. 'ಜಬರದಸ್ತು' ಪಾರ್ಸಿಯಿಂದ ಬಂದದ್ದು: ಜಬರ್ ಅಂದರೆ ಮೇಲೆ, ದಸ್ತ್ ಅಂದರೆ ಕೈ. ಮೇಲುಗೈ ಅವರದು, ಅಷ್ಟೇ.

'ದಬ್ಬಾಳಿಕೆ'ಯನ್ನು ಒಂದು ದಿನದ ಘಟನೆಗೆ ಖರ್ಚು ಮಾಡಬೇಡಿ. ಅದು ಅಧಿಕಾರ ಇರುವವರ ನಡೆನುಡಿ. ದಿನಾ ಸಣ್ಣದಾಗಿ ಚುಚ್ಚುವುದು ಕಿರುಕುಳ. ಗುಟ್ಟು ಬಯಲು ಮಾಡುತ್ತೇನೆ ಅಂತ ಹಣ ಕೇಳಿದರೆ ಬ್ಲ್ಯಾಕ್‌ಮೇಲ್. ಅಂದ ಹಾಗೆ ಅದರಲ್ಲಿರುವ 'ಮೇಲ್'ಗೂ ಅಂಚೆಗೂ ಸಂಬಂಧವಿಲ್ಲ. ಸ್ಕಾಟ್ಲೆಂಡಿನ ಮಾತಿನಲ್ಲಿ 'ಮೇಲ್' ಅಂದರೆ ಗೇಣಿ, ಕಂದಾಯ. 16ನೇ ಶತಮಾನದಲ್ಲಿ ಗಡಿಯ ಲೂಟಿಕೋರರು 'ನಿಮ್ಮ ತಂಟೆಗೆ ಬರಲ್ಲ' ಅಂತ ರೈತರಿಂದ ವಸೂಲಿ ಮಾಡುತ್ತಿದ್ದ ಕಪ್ಪ ಅದು.

ನಿಮಗೆ ಆದದ್ದನ್ನು ಬರೆಯುವಾಗ ಜಾಸ್ತಿ ಏರಿಸಬೇಡಿ. ತಪ್ಪು ಮಾಡಿಬಿಟ್ಟೆನೇನೋ ಅಂತ ಹಿಂಜರಿದರೆ ಅಳುಕು. ಏನೋ ಆಗಲಿದೆ ಅಂತ ಎದೆ ಧಸಕ್ಕೆಂದರೆ ದಿಗಿಲು. ಏನು ಮಾಡಬೇಕೆಂದೇ ತೋಚದಿದ್ದರೆ ಗಾಬರಿ. ನನಗೆ ಆದದ್ದು ದಿಗಿಲು. ನಾನು ಮೊದಲು ಬರೆದದ್ದು 'ಪ್ರಾಣಭೀತಿ'.

ಕೊನೆಗೆ ಎಲ್ಲಾ ಹೊಡೆದುಹಾಕಿ ಹೊಸದಾಗಿ ಬರೆದೆ: 'ಬಾಗಿಲು ಹಾಕಿದರು. ನನಗೂ ಬಾಗಿಲಿಗೂ ನಡುವೆ ಇಬ್ಬರು ನಿಂತರು. ಟೈಪ್ ಮಾಡಿದ ಪತ್ರ ಮುಂದಿಟ್ಟು ಪೆನ್ನು ಕೊಟ್ಟರು. ಎದ್ದು ಹೊರಟೆ, ಅವರು ಸರಿಯಲಿಲ್ಲ. ಸಹಿ ಹಾಕಿದ ಮೇಲೆ ಸರಿದರು.' ವಕೀಲರು ಎರಡು ಸಲ ಓದಿದರು. ಯಾವುದನ್ನೂ ಹೊಡೆಯಲಿಲ್ಲ. ಮೇಲೆ, ವಿಷಯ ಬರೆಯುವ ಸಾಲಿನಲ್ಲಿ ಮಾತ್ರ ಒಂದು ಪದ ಸೇರಿಸಿದರು: 'ಬಲವಂತವಾಗಿ'.