ಹುಳು ಮನೆಯ ಉಷ್ಣಾಂಶ ಲಿಸ್ಟಿಗೆ ಬಂದ ಬಗೆ

ಶಿಡ್ಲಘಟ್ಟದ ಹತ್ತಿರ ನಮ್ಮೂರು, ಮನೆಯಲ್ಲಿ ರೇಷ್ಮೆ. ನಾಲ್ಕನೇ ಜ್ವರ (ಹುಳು ತಿನ್ನುವುದು ನಿಲ್ಲಿಸಿ ಪೊರೆ ಬಿಡುವ ಹೊತ್ತು) ಎದ್ದ ಮೇಲೆ ಒಂದು ವಾರ ಹುಳು ಎಡೆಬಿಡದೆ ಸೊಪ್ಪು ತಿನ್ನುತ್ತದೆ. ಆಗ ಹುಳು ಮನೆ 24-25 ಡಿಗ್ರಿ ಇರಬೇಕು. ಅಪ್ಪ ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 9ಕ್ಕೆ ಥರ್ಮಾಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಶುರು ಮಾಡಿದಾಗ ನಾನು ಎತ್ತಿಕೊಂಡಿದ್ದು ಆ ನೋಟ್‌ಬುಕ್ಕನ್ನೇ.

ಒಂದು ಅಳತೆಗೆ ಒಂದು ಸಾಲಿನಂತೆ ಫೈಲಿಗೆ ಟೈಪ್ ಮಾಡಿದೆ: ದಿನ, ಹೊತ್ತು, ಡಿಗ್ರಿ, ನಡುವೆ ಕಾಮಾ. ಫಾರ್ ಲೂಪ್ ಒಂದೊಂದೇ ಸಾಲು ಓದಬೇಕು, ಸ್ಪ್ಲಿಟ್ ಕಾಮಾದ ಹತ್ತಿರ ಕತ್ತರಿಸಬೇಕು, ಡಿಗ್ರಿಯನ್ನು ಲಿಸ್ಟಿಗೆ ಅಪೆಂಡ್ ಮಾಡಬೇಕು, ಅಂದರೆ ಪಟ್ಟಿಯ ಕೊನೆಗೆ ಸೇರಿಸಬೇಕು. ಓಡಿಸಿದರೆ ಲಿಸ್ಟಿನಲ್ಲಿ ಒಂದೇ ಒಂದು ಸಂಖ್ಯೆ, ಕೊನೆಯ ರಾತ್ರಿಯದ್ದು. ಖಾಲಿ ಲಿಸ್ಟನ್ನು ಲೂಪಿನ ಒಳಗೆ ಇಟ್ಟಿದ್ದೆ. ಪ್ರತಿ ಸಾಲಿಗೂ ಹೊಸ ಲಿಸ್ಟ್ ಬಂದು ಹಳೆಯದು ಹೋಗುತ್ತಿತ್ತು. ಆ ಸಾಲನ್ನು ಲೂಪಿನ ಮೇಲಕ್ಕೆ ತಂದೆ. ಫೈಲಿನಿಂದ ಬರುವುದೆಲ್ಲ ಅಕ್ಷರವೇ ಅಲ್ವಾ, ಕೂಡಬೇಕಾದರೆ ಅದನ್ನು ಸಂಖ್ಯೆ ಮಾಡುವ ಫ್ಲೋಟ್ ಹಾಕಬೇಕು. ಅದೂ ಆಯಿತು.

ನಿಜವಾದ ತೊಂದರೆ ಶುರುವಾಗಿದ್ದು ಖಾಲಿ ಜಾಗಗಳಿಂದ. 7 ದಿನಕ್ಕೆ 21 ಅಳತೆ ಇರಬೇಕಿತ್ತು, ಎರಡು ಸಲ ನೋಡಲು ಆಗಿರಲಿಲ್ಲ. ಖಾಲಿ ಜಾಗಕ್ಕೆ ಫ್ಲೋಟ್ ಹಾಕಿದರೆ ಪ್ರೋಗ್ರಾಂ ನಿಂತುಬಿಡುತ್ತದೆ. ಸುಮ್ನೆ ಸೊನ್ನೆ ತುಂಬಿದೆ. 26 ಇರಬೇಕಾದ ಸರಾಸರಿ 23.5ಕ್ಕೆ ಇಳಿಯಿತು, ಅತಿ ಕಡಿಮೆ ಡಿಗ್ರಿ ಸೊನ್ನೆ ಎಂದು ಬಂತು. ನಮ್ಮ ಕಡೆ ಹುಳು ಮನೆ ಎಲ್ಲಾದರೂ ಸೊನ್ನೆಗೆ ಇಳಿಯುತ್ತದೆಯೇ? ತೆಗೆದುಹಾಕಿ, ಖಾಲಿ ಇದ್ದರೆ ಬಿಟ್ಟು ಮುಂದೆ ಹೋಗುವಂತೆ ಬರೆದೆ.

ಆಗ ಇನ್ನೊಂದು ಕಡೆ ಕೆಟ್ಟಿತು. ಹೊತ್ತಿಗೆ ಒಂದು ಲಿಸ್ಟ್, ಡಿಗ್ರಿಗೆ ಒಂದು ಲಿಸ್ಟ್ ಮಾಡಿದ್ದೆ. ಡಿಗ್ರಿ ಮಾತ್ರ ಬಿಟ್ಟುಹೋಯಿತು, ಹೊತ್ತು ಉಳಿಯಿತು. ಎರಡನ್ನೂ ಜಿಪ್‌ನಿಂದ ಜೋಡಿಸಿ ಪ್ರಿಂಟ್ ಮಾಡಿದೆ. ಎರರ್ ಏನೂ ಬರಲಿಲ್ಲ. ಆದರೆ ನಾಲ್ಕನೇ ದಿನ ಬೆಳಿಗ್ಗೆ 6ಕ್ಕೆ 30.5 ಡಿಗ್ರಿ! ಆ ಹೊತ್ತಿನಲ್ಲಿ ನಾನೇ ಸೊಪ್ಪು ಹಾಕಿದ್ದೆ, ಮೈಗೆ ಚಳಿ ಹತ್ತುತ್ತಿತ್ತು. ಲಿಸ್ಟಿನಲ್ಲಿ ಎಷ್ಟಿವೆ ಎಂದು ಹೇಳುವ ಲೆನ್ ಕೇಳಿದೆ: ಒಂದರಲ್ಲಿ 21, ಇನ್ನೊಂದರಲ್ಲಿ 19. ಮೂರನೇ ದಿನದ ರಾತ್ರಿ ಖಾಲಿ ಇತ್ತು, ಅಲ್ಲಿಂದ ಮುಂದಿನ ಡಿಗ್ರಿಗಳೆಲ್ಲ ಹಿಂದಿನ ಹೊತ್ತಿಗೆ ಸರಿದಿದ್ದವು. ಚಿಕ್ಕ ಲಿಸ್ಟ್ ಮುಗಿದ ಕಡೆ ಜಿಪ್ ಏನೂ ಹೇಳದೆ ನಿಲ್ಲುತ್ತದೆ. ನನ್ನ ಪ್ರಕಾರ ಕಲಿಯುವವರಿಗೆ ಎರರ್ ಬರುವುದಕ್ಕಿಂತ ಇದೇ ಜಾಸ್ತಿ ಅಪಾಯ.

ಈಗ ದಿನ, ಹೊತ್ತು, ಡಿಗ್ರಿ ಮೂರನ್ನೂ ಒಂದೇ ಕಂತೆ ಮಾಡಿ, ಟ್ಯೂಪಲ್ ಅಂತಾರಲ್ಲ ಅದು, ಒಂದೇ ಸಲ ಅಪೆಂಡ್ ಮಾಡುತ್ತೇನೆ. ಬಿಟ್ಟರೆ ಮೂರೂ ಒಟ್ಟಿಗೆ ಬಿಟ್ಟುಹೋಗುತ್ತವೆ.

ಆ ಲಿಸ್ಟಿನಿಂದ 28 ದಾಟಿದ್ದನ್ನೆಲ್ಲ ಹೆಕ್ಕಿದೆ. ಐದು ಬಂದವು, ಐದೂ ಮಧ್ಯಾಹ್ನದವು. 26ರ ಸರಾಸರಿಯಲ್ಲಿ ಅವು ಕಾಣುತ್ತಲೇ ಇರಲಿಲ್ಲ. ಅಪ್ಪನಿಗೆ ತೋರಿಸಿದೆ. ಮುಂದಿನ ಬೆಳೆಗೆ ಮಧ್ಯಾಹ್ನ 12ಕ್ಕೇ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟಿದೆವು. ಒದ್ದೆ ಜಾಸ್ತಿಯಾದರೂ ಈ ಹಂತದ ಹುಳುವಿಗೆ ಆಗದು. ಅದಕ್ಕೇ ಈಗ ಕಂತೆಗೆ ನಾಲ್ಕನೆಯದಾಗಿ ತೇವಾಂಶವನ್ನೂ ಸೇರಿಸಿದ್ದೇನೆ.