ಹಸಿ ತಿನ್ನಲು ಹೋಗಿ ಕೈ ಸುಟ್ಟುಕೊಂಡದ್ದು

ಒಲೆ ಹಚ್ಚದೆಯೂ ಕೈ ಸುಟ್ಟುಕೊಳ್ಳಬಹುದು ಅಂತ ನನಗೆ ಗೊತ್ತಾಗಿದ್ದು ಹಸಿ ಆಹಾರ ಶುರು ಮಾಡಿದ ಮೊದಲ ತಿಂಗಳ ಕೊನೆಗೆ. ಮೈಸೂರಿನ ನಮ್ಮ ನಾಲ್ಕು ಜನರ ಮನೆಯಲ್ಲಿ ದಿನಸಿ, ಹಣ್ಣು, ತರಕಾರಿ ಎಲ್ಲ ಸೇರಿ 10,000 ರೂಪಾಯಿಯೊಳಗೆ ಮುಗಿಯುತ್ತಿತ್ತು. ಆ ಜನವರಿಯಲ್ಲಿ 17,000 ದಾಟಿತು. ಹೆಚ್ಚಾದ ಅಷ್ಟೂ ನನ್ನೊಬ್ಬಳ ಹೊಟ್ಟೆಗೆ. ಹೊಟ್ಟೆಯಾದರೂ ತುಂಬಿತ್ತಾ? ರಾತ್ರಿ ಹತ್ತಕ್ಕೆ ಅಡುಗೆಮನೆಯಲ್ಲಿ ನಿಂತು ಗೋಡಂಬಿ ಡಬ್ಬಿ ಕೆದಕುತ್ತಿದ್ದೆ. 'ಗ್ಯಾಸ್ ಆದ್ರೂ ಉಳೀತಲ್ಲ ಬಿಡು' ಅಂದರು ಅತ್ತೆ. ಅದೂ ಉಳಿದಿರಲಿಲ್ಲ. ಮಿಕ್ಕ ಮೂವರಿಗೆ ಅನ್ನ ಸಾರು ಆಗಲೇಬೇಕಲ್ಲ.

ತಪ್ಪು ನನ್ನದೇ. ವಿಡಿಯೋ ನೋಡಿ ಪಟ್ಟಿ ಬರೆದುಕೊಂಡಿದ್ದೆ: ಬ್ರೊಕೊಲಿ, ಬ್ಲೂಬೆರಿ, ಚಿಯಾ ಬೀಜ, ಬಾದಾಮಿ ಹಾಲು. ಎಲ್ಲ ಬೇರೆ ಯಾರದೋ ಅಡುಗೆಮನೆಯ ಪದಾರ್ಥ. ಕೆದಕುತ್ತಿದ್ದ ಆ 'ಹಸಿ' ಗೋಡಂಬಿಯನ್ನು ಚಿಪ್ಪು ಒಡೆಯುವ ಮೊದಲೇ ಆವಿಯಲ್ಲಿ ಬೇಯಿಸಿರುತ್ತಾರೆ ಅಂತ ತಿಳಿದಿದ್ದು ಆಮೇಲೆ.

ಫೆಬ್ರವರಿಯ ಒಂದು ಭಾನುವಾರ ಅಡುಗೆಮನೆಯ ಪುಟ್ಟ ತಕ್ಕಡಿ ಇಟ್ಟುಕೊಂಡು ಕೂತೆ. ಒಂದು ಕೆಜಿ ದಾಳಿಂಬೆ ಬಿಡಿಸಿದರೆ ಬಟ್ಟಲಿಗೆ ಬಿದ್ದ ಕಾಳು 570 ಗ್ರಾಂ. ಮಿಕ್ಕಿದ್ದು ಸಿಪ್ಪೆ, ನನ್ನ ಸೀರೆಯ ಮೇಲಿನ ಕಲೆ. ಕೆಜಿಗೆ ಎಷ್ಟು ಅಂತ ಕೇಳಿ ಕೊಳ್ಳುವುದೇ ಮೋಸ ಅನ್ನಿಸಿತು. ಹತ್ತು ರೂಪಾಯಿಗೆ ಎಷ್ಟು ಕ್ಯಾಲರಿ ಅಂತ ಲೆಕ್ಕ ಹಾಕಿದೆ. ನಾನು ಕೊಟ್ಟ ಬೆಲೆಯಲ್ಲಿ, ಕೆಜಿಗೆ 140 ರೂಪಾಯಿಯ ಕಡಲೆಕಾಯಿ ಬೀಜದಲ್ಲಿ ಹತ್ತು ರೂಪಾಯಿಗೆ ಸುಮಾರು 400 ಸಿಕ್ಕಿತು. 120ರ ಹೆಸರುಕಾಳಲ್ಲಿ 290. ತೆಂಗಿನಕಾಯಿಯಲ್ಲಿ 250ರ ಆಸುಪಾಸು. 40ರ ಪಚ್ಚಬಾಳೆಯಲ್ಲಿ, ಸಿಪ್ಪೆ ಕಳೆದು, 145. ಬಾದಾಮಿ 65 ಕೂಡ ದಾಟಲಿಲ್ಲ. ಬ್ರೊಕೊಲಿ 20! ಸೌತೆಕಾಯಿಯೂ ಹೆಚ್ಚೇನಿಲ್ಲ, 40ರೊಳಗೆ. ಆದರೆ ಸೌತೆಕಾಯಿಯಿಂದ ಹೊಟ್ಟೆ ತುಂಬಿಸಿಕೊಳ್ಳಬೇಕು ಅಂತ ನಮ್ಮಲ್ಲಿ ಯಾರೂ ಹೊರಟವರಲ್ಲ, ಅದಕ್ಕೇ ಕೋಸಂಬರಿಯಲ್ಲಿ ನೆನೆಸಿದ ಹೆಸರುಬೇಳೆಯೂ ಕಾಯಿತುರಿಯೂ ಇರುವುದು. ರಾಮನವಮಿಗೆ ಮಾತ್ರ ನೆನಪಾಗುತ್ತಿದ್ದ ತಿಂಡಿ ನನ್ನ ದಿನದ ಊಟವಾಯಿತು.

ಈಗ ಮೊದಲು ಹೊಟ್ಟೆ ತುಂಬಿಸುವುದನ್ನು ಕೊಳ್ಳುತ್ತೇನೆ, ಉಳಿದ ದುಡ್ಡಿಗೆ ಸೊಪ್ಪು, ತರಕಾರಿ. ರಾತ್ರಿ ಒಂದು ಹಿಡಿ ಕಡಲೆಕಾಯಿ ಬೀಜ ನೆನೆಹಾಕಿದರೆ ಬೆಳಿಗ್ಗೆ ಬಾದಾಮಿಯ ಆಸೆ ಹೋಗುತ್ತದೆ. ಮುಗ್ಗಿದ್ದು, ಬಣ್ಣಗೆಟ್ಟದ್ದು, ಕಹಿಯಾದದ್ದು ಒಂದಿದ್ದರೂ ಆರಿಸಿ ಎಸೆಯುತ್ತೇನೆ. ಅಲ್ಲಿ ಜಿಪುಣತನ ಮಾಡಬಾರದು. ಬಾದಾಮಿ ಹಾಲಿನ ಜಾಗಕ್ಕೆ ಕಾಯಿಹಾಲು, ಅದಕ್ಕೆ ಬಾಳೆಹಣ್ಣು ಹಿಚುಕಿದರೆ ರಸಾಯನ. ದೊಡ್ಡಪತ್ರೆ ಮತ್ತು ಒಂದೆಲಗ ಕುಂಡದಲ್ಲೇ ಬರುತ್ತವೆ, ಕಾಯಿ ಮಜ್ಜಿಗೆ ಜೊತೆ ರುಬ್ಬಿದರೆ ತಂಬುಳಿ. ಕಾಯಿಸಿದ ಹಾಲಿನ ಮಜ್ಜಿಗೆ ಹಸಿ ಆಹಾರ ಹೇಗಾಯಿತು ಅಂತ ಮಡಿವಂತರು ಕೇಳುತ್ತಾರೆ. ಕೇಳಲಿ.

ಮೊಳಕೆಯ ವಿಷಯ ಸ್ವಲ್ಪ ಹೇಳಬೇಕು, ಉಳಿತಾಯವೆಲ್ಲ ಅಲ್ಲಿದೆ, ನಷ್ಟವೂ ಅಲ್ಲೇ ಆಯಿತು. 100 ಗ್ರಾಂ ಹೆಸರುಕಾಳು ಎಂಟು ಗಂಟೆ ನೆನೆದು, ಒದ್ದೆ ಪಂಚೆಬಟ್ಟೆಯಲ್ಲಿ ಒಂದು ದಿನ ನೇತಾಡಿದರೆ 250 ಗ್ರಾಮಿಗೆ ಬರುತ್ತದೆ. ಅಂಗಡಿಯ ಮೊಳಕೆ ಪ್ಯಾಕೆಟ್ಟಿಗೆ ಕೊಡುವ ದುಡ್ಡಲ್ಲಿ ಮನೆಯಲ್ಲಿ ನಾಲ್ಕು ದಿನದ್ದಾಗುತ್ತದೆ. ಆ ಹುಮ್ಮಸ್ಸಿನಲ್ಲಿ ಏಪ್ರಿಲ್‌ನಲ್ಲಿ ಒಂದೇ ಸಲ ಒಂದು ಕೆಜಿ ನೆನೆಹಾಕಿದೆ. ಮರುದಿನ ಗಂಟು ಮುಟ್ಟಿದರೆ ಒಳಗೆ ಬೆಚ್ಚಗೆ, ಬಿಚ್ಚಿದರೆ ಅಂಟು, ಹುಳಿ ವಾಸನೆ. ಅಷ್ಟೂ ಗೊಬ್ಬರದ ಗುಂಡಿಗೆ. ಈಗ ಒಂದು ಸಲಕ್ಕೆ 200 ಗ್ರಾಂ, ಮೂರು ಹೊತ್ತು ತೊಳೆಯುವುದು, ಬಟ್ಟೆ ಬಿಸಿಲಿಗೆ.

ಸೋವಿ ಅಂತ ಕಂಡ ಕಾಳನ್ನೆಲ್ಲ ಮೊಳಕೆ ಕಟ್ಟುವಂತಿಲ್ಲ. ಜನವರಿಯಲ್ಲಿ ಅವರೆ ರಾಶಿ ಬಿದ್ದಿರುತ್ತದೆ, ಮನಸ್ಸು ಎಳೆಯುತ್ತದೆ. ಆದರೆ ಅವರೆಕಾಳು, ರಾಜ್ಮಾ ಹಸಿ ತಿಂದರೆ ವಿಷ. ಅವು ಬೇಯಿಸುವವರ ಪಾಲು.

ಹಣ್ಣು ತರಕಾರಿಗೆ ಬೆಳಿಗ್ಗೆ ಬೇಗ ಎಂ.ಜಿ. ರಸ್ತೆ ಮಾರುಕಟ್ಟೆಗೆ ಹೋಗುತ್ತೇನೆ, ವಾರಕ್ಕೆ ಎರಡೇ ಸಲ, ಕೈಯಲ್ಲಿ 400 ರೂಪಾಯಿ ಮಾತ್ರ. ಏಲಕ್ಕಿ ಬಾಳೆಗೆ ಪಚ್ಚಬಾಳೆಯ ಎರಡರಷ್ಟು ಬೆಲೆ; ನಂಜನಗೂಡು ರಸಬಾಳೆಯನ್ನು ನೋಡಿ ನಮಸ್ಕಾರ ಹಾಕಿ ಮುಂದೆ ಹೋಗುತ್ತೇನೆ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಿದ್ದ ಚಿಪ್ಪನ್ನು ಬೇರೆಯವರು ಮುಟ್ಟುವುದಿಲ್ಲ. ನನಗೆ ಅದೇ ಸಿಹಿ, ಚೌಕಾಸಿಗೂ ಅನುಕೂಲ. ಬೆಣ್ಣೆಹಣ್ಣನ್ನು ಮಳೆಗಾಲದಲ್ಲಿ ಕೊಡಗಿನ ಕಾಯಿ ಬಂದಾಗ ಮಾತ್ರ. ಕಲ್ಲಂಗಡಿ ಸಿಪ್ಪೆಯ ಬಿಳಿ ಭಾಗ ಅತ್ತೆಯ ದೋಸೆ ಹಿಟ್ಟಿಗೆ ಹೋಗುತ್ತದೆ.

ಉಳಿಸಲೇಬಾರದ ಒಂದು ಖರ್ಚಿದೆ. ಕಾಳು, ಕಾಯಿ, ಸೊಪ್ಪಿನಲ್ಲಿ ವಿಟಮಿನ್ ಬಿ12 ಇಲ್ಲ. ಮೊಸರಿಂದ ಸ್ವಲ್ಪ ಬರುತ್ತದೆ, ನನಗೆ ಸಾಲಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಮಾತ್ರೆ ತಗೊಳ್ಳುತ್ತೇನೆ. ಅದನ್ನೂ ದಿನಸಿ ಪಟ್ಟಿಯಲ್ಲೇ ಬರೆಯುತ್ತೇನೆ.

ಮಾರ್ಚ್‌ನಲ್ಲಿ ಮನೆಯ ಒಟ್ಟು ಖರ್ಚು 12,300ಕ್ಕೆ ಇಳಿಯಿತು, ಏಪ್ರಿಲ್‌ನಲ್ಲಿ ಆ ಹುಳಿತ ಮೊಳಕೆ ಸೇರಿಸಿಯೂ 11,600. ಮೇ ತಿಂಗಳ ಲೆಕ್ಕ ಮಾತ್ರ ಕೇಳಬೇಡಿ. ರಸಪುರಿ ಮಾವು ಬಂದ ದಿನವೇ ತಕ್ಕಡಿ ಎತ್ತಿ ಅಟ್ಟದ ಮೇಲಿಟ್ಟೆ.